ಶಾರ್ದಾಂ ಚಿತ್ರಗಳ ಹೆಂಗಸರು ಬೇರೆಲ್ಲೋ ಯಾಕೆ ನೋಡ್ತಾರೆ? ಆ ಮನೆಗಳ ಗಂಡಸರೆಲ್ಲ ಎಲ್ಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು, ಮದುವೆಯಾಗಿ ಗ್ಲಾಸ್ಗೋಗೆ ಬಂದು ಆರು ವರ್ಷ ಆಯಿತು. ಇಲ್ಲೊಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಶನಿವಾರ ಬೆಳಿಗ್ಗೆ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಬಿಟ್ಟರೆ ಒಂದು ಗಂಟೆ ನನ್ನದು. ಹತ್ತಿರದಲ್ಲೇ ಯೂನಿವರ್ಸಿಟಿಯ ಹಂಟೇರಿಯನ್ ಆರ್ಟ್ ಗ್ಯಾಲರಿ ಇದೆ, ಟಿಕೆಟ್ ಇಲ್ಲ. ಚಳಿಗಾಲದಲ್ಲಿ ಒಂದಿಷ್ಟು ಬೆಚ್ಚಗೆ ಕೂರೋಣ ಅಂತ ಒಳಗೆ ಹೋದವಳು, ಈಗ ಮೂರೇ ಮೂರು ಚಿತ್ರ ನೋಡೋಕೆ ಅಂತಲೇ ಹೋಗ್ತೀನಿ. ಮೂರೂ ಶಾರ್ದಾಂ ಅನ್ನೋ ಫ್ರೆಂಚ್ ಕಲಾವಿದನವು. ವಿಲಿಯಂ ಹಂಟರ್ ಅನ್ನೋ ಡಾಕ್ಟರು ಕೊಂಡಿಟ್ಟಿದ್ದರಂತೆ. 1783ರಲ್ಲಿ ಅವರು ತೀರಿಕೊಳ್ಳುವಾಗ ತಮ್ಮ ಸಂಗ್ರಹವನ್ನೆಲ್ಲ ಯೂನಿವರ್ಸಿಟಿಗೆ ಬರೆದುಕೊಟ್ಟಿದ್ದರಿಂದ ಇಲ್ಲಿಗೆ ಬಂದವು.

ಒಂದರಲ್ಲಿ ಒಬ್ಬ ಹೆಂಗಸು ಟೀ ಮುಂದಿಟ್ಟುಕೊಂಡು ಕೂತಿದ್ದಾಳೆ, 1735ರದ್ದು. ಕೆಂಪು ಮೇಜು. ಅದರ ಡ್ರಾಯರ್ ಸ್ವಲ್ಪ ಎಳೆದು ಹಾಗೇ ಬಿಟ್ಟಿದೆ. ಕಂದು ಬಣ್ಣದ ದೊಡ್ಡ ಟೀ ಪಾಟು. ಕಪ್ಪಿನಲ್ಲಿ ಚಮಚ ಆಡಿಸ್ತಿದ್ದಾಳೆ, ಹಬೆ ಏಳ್ತಿದೆ. ಈ ಹಬೆಯನ್ನು ಹೇಗೆ ಬರೆದ ಅಂತ ನೋಡೋದರಲ್ಲೇ ನನ್ನ ನಾಲ್ಕು ಶನಿವಾರ ಹೋದವು. ಗೋಡೆಯ ಬಣ್ಣವೇ ಅಲ್ಲಿ ಒಂಚೂರು ತಿಳಿಯಾಗಿದೆ, ಅಷ್ಟೇ. ಎರಡನೆಯದರಲ್ಲಿ ಕೆಲಸದ ಹೆಂಗಸೊಬ್ಬಳು ಪೀಪಾಯಿ ಮೇಲೆ ಬಗ್ಗಿ ಉದ್ದ ಹಿಡಿಯ ಬಾಣಲೆ ತಿಕ್ತಿದ್ದಾಳೆ. ಮೂರನೆಯದರಲ್ಲಿ ಹೆಂಡದಂಗಡಿಯ ಹುಡುಗ. ನನ್ನನ್ನು ಹಿಡಿದು ನಿಲ್ಲಿಸೋದು ಆ ಪಾತ್ರೆ ತಿಕ್ಕೋಳು. ಕೈ ಬಾಣಲೆಯೊಳಗಿದೆ, ಕಣ್ಣು ಅಲ್ಲಿಲ್ಲ.

ಹೋದ ರಜೆಯಲ್ಲಿ ಲಂಡನ್‌ಗೆ ಹೋಗಿದ್ವಿ. ನ್ಯಾಷನಲ್ ಗ್ಯಾಲರಿಯಲ್ಲಿ ಇಂಗ್ಲಿಷ್ ಚಿತ್ರಕಾರ ಹೋಗಾರ್ತ್‌ನ ಆರು ಚಿತ್ರಗಳ ಸಾಲು ನೋಡಿದೆ. ಒಂದು ಮದುವೆ ಹೇಗೆ ಹಾಳಾಯಿತು ಅನ್ನೋ ಕಥೆ, 1743ರ ಸುಮಾರಿನದು. ಮೊದಲ ಚಿತ್ರವೇ ಮಾತುಕತೆಯದು: ಮುದುಕ ಸಾಹೇಬ ತನ್ನ ವಂಶವೃಕ್ಷ ತೋರಿಸ್ತಿದ್ದಾನೆ, ಹುಡುಗಿಯ ಅಪ್ಪ ಕನ್ನಡಕ ಹಾಕ್ಕೊಂಡು ಕರಾರುಪತ್ರ ಓದ್ತಿದ್ದಾನೆ, ಮೇಜಿನ ಮೇಲೆ ದುಡ್ಡು. ಮದುಮಗ ಕನ್ನಡಿ ನೋಡ್ಕೊಳ್ತಾನೆ. ಮದುಮಗಳು ಉಂಗುರವನ್ನು ಕರವಸ್ತ್ರದೊಳಗೆ ತೂರಿಸಿ ಆಡಿಸ್ತಾಳೆ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದಾರೆ. ಅವರ ಕಾಲ ಬಳಿ ಎರಡು ನಾಯಿಗಳನ್ನು ಒಂದೇ ಸರಪಳಿಗೆ ಕಟ್ಟಿದೆ. ನನಗೆ ಯಾರೂ ವಿವರಿಸಬೇಕಾಗಲಿಲ್ಲ. ನಮ್ಮೂರಲ್ಲೂ ಇಂಥ ಮಾತುಕತೆಗಳಲ್ಲಿ ಕಾಫಿ ಲೋಟ ಎತ್ತಿದೋಳು ನಾನು.

ಮಾರನೇ ದಿನ ವಾಲೇಸ್ ಕಲೆಕ್ಷನ್‌ನಲ್ಲಿ ಫ್ರಾಗೊನಾರ್‌ನ 'ಉಯ್ಯಾಲೆ' ಚಿತ್ರ, 1767ರದ್ದು. ಗುಲಾಬಿ ಗೌನಿನ ಹುಡುಗಿ, ಗಾಳಿಯಲ್ಲಿ ಹಾರ್ತಿರೋ ಚಪ್ಪಲಿ, ಪೊದೆಯಲ್ಲಿ ಬಿದ್ದುಕೊಂಡು ನೋಡ್ತಿರೋ ಪ್ರಿಯಕರ, ಹಿಂದೆ ಕತ್ತಲಲ್ಲಿ ಹಗ್ಗ ಎಳೀತಿರೋ ವಯಸ್ಸಾದವನು.

ವಾಪಸ್ ಬಂದು ಶನಿವಾರ ನನ್ನ ಪಾತ್ರೆ ತಿಕ್ಕೋಳ ಮುಂದೆ ನಿಂತಾಗ ಈ ಪ್ರಶ್ನೆ ಬಂತು. ಒಂದೇ ಶತಮಾನ. ಅಲ್ಲೆಲ್ಲ ಗಂಡು ಹೆಣ್ಣು, ಪ್ರೇಮ, ಮದುವೆ, ಮೋಸ. ಇವನ ಚಿತ್ರದಲ್ಲಿ ಮಾತ್ರ ಹೆಂಗಸರು ತಮ್ಮ ಪಾಡಿಗೆ ತಾವು. ಪುಸ್ತಕದಲ್ಲಿ ಹುಡುಕಿದರೆ ಹೆಚ್ಚಿನವು ಹೀಗೇ ಇವೆ: ತಾಯಿ, ಮಗು, ಆಯಾ, ಅಡುಗೆಯವಳು. ದೊಡ್ಡ ಗಂಡಸರೇ ಕಾಣಲ್ಲ. ಅವರೆಲ್ಲ ಎಲ್ಲಿ ಹೋದರು? ಈ ಹೆಂಗಸರು ಏನು ನೋಡ್ತಿದ್ದಾರೆ?

ನಾನೂ ದಿನಕ್ಕೆ ಇನ್ನೂರು ತಟ್ಟೆ ತೊಳೆಯೋ ಜಾಗದಲ್ಲಿ ನಿಲ್ಲೋಳು. ಆ ನೋಟ ನನಗೆ ಗೊತ್ತು, ನನ್ನ ಜೊತೆ ಕೆಲಸ ಮಾಡೋರ ಮುಖದಲ್ಲಿ ದಿನಾ ನೋಡ್ತೀನಿ. ಅದು ಅವನ ಕಣ್ಣಿಗೆ ಹೇಗೆ ಬಿತ್ತು ಅನ್ನೋದೇ ನನಗೆ ಬಿಡಿಸಲಾಗದ ಒಗಟು. ತಿಳಿದವರು ದಯವಿಟ್ಟು ಹೇಳಿ.

ಅಂಚೆಪೆಟ್ಟಿಗೆ

ತುಂಗಾತೀರ ಅವರೇ, ಇಷ್ಟು ಹೊತ್ತು ನಿಂತು ಚಿತ್ರ ನೋಡುವವರು ಸಿಕ್ಕಿದ್ದು ಸಂತೋಷ. ನಾನು ಧಾರವಾಡದಲ್ಲಿ ಇತಿಹಾಸ ಎಂ.ಎ. ಮಾಡಿದವನು, ಈ ಕಾಲದ ಅಚ್ಚುಚಿತ್ರಗಳ ಮೇಲೆ ಪ್ರೀತಿ. ಗೊತ್ತಿದ್ದಷ್ಟು ಹೇಳುತ್ತೇನೆ.

ಗಂಡಸರು ಪೂರ್ತಿ ಇಲ್ಲವೆಂದಲ್ಲ. ಶಾರ್ದಾಂ ಮನೆಯೊಳಗಿನ ಬದುಕನ್ನು ಬರೆಯಲು ಶುರುಮಾಡಿದ ಹೊಸತರಲ್ಲೇ, 1733ರಲ್ಲಿ, ಒಂದು ಚಿತ್ರ ಬರೆದ. ಯುವತಿಯೊಬ್ಬಳು ಕಾಗದ ಬರೆದು ಮಡಿಚಿ, ಅರಗಿನ ಕಡ್ಡಿ ಹಿಡಿದು ಕಾಯುತ್ತಿದ್ದಾಳೆ. ಆಳು ಮೇಣದಬತ್ತಿ ಹೊತ್ತಿಸುತ್ತಿದ್ದಾನೆ. ಪಕ್ಕದಲ್ಲಿ ಒಂದು ಬೇಟೆನಾಯಿ. ಶಾರ್ದಾಂನ ಮನೆವಾರ್ತೆಯ ಚಿತ್ರಗಳಲ್ಲಿ ಹೆಚ್ಚಿನವು ಸಣ್ಣವು. ಇದು ಮಾತ್ರ ಸುಮಾರು ಒಂದೂವರೆ ಮೀಟರ್ ಚೌಕ. ಈಗ ಬರ್ಲಿನ್‌ನ ಶಾರ್ಲೊಟೆನ್‌ಬುರ್ಗ್ ಅರಮನೆಯಲ್ಲಿದೆ. ಅದರ ಅಚ್ಚು ಹೊರಟಾಗ ಕೆಳಗೆ ಪದ್ಯವೂ ಸೇರಿತು. ಆ ಪದ್ಯದ ತಾತ್ಪರ್ಯ: ಬೇಗ ಮಾಡೋ ಫ್ರಾಂತ್ಯಾಂ, ನಿನ್ನ ಯಜಮಾನಿಯ ಕಣ್ಣಲ್ಲಿರುವ ಆತುರ ನೋಡು, ಈ ಓಲೆ ಅವಳ ಇನಿಯನ ಕೈ ಸೇರಬೇಕು, ಇಷ್ಟು ನಿಧಾನ ಮಾಡುವ ನಿನ್ನ ಎದೆಯನ್ನು ಪ್ರೇಮದೇವತೆ ಮುಟ್ಟೇ ಇಲ್ಲ. ನೋಡಿ, ಪ್ರೇಮವಿದೆ. ಪ್ರಿಯಕರ ಮಾತ್ರ ಚಿತ್ರದ ಹೊರಗಿದ್ದಾನೆ.

ಈ ಅಚ್ಚುಗಳ ವಿಷಯ ಮುಖ್ಯ. ಮೂಲ ಚಿತ್ರ ರಾಜನದೋ ಶ್ರೀಮಂತನದೋ ಗೋಡೆ ಸೇರುತ್ತಿತ್ತು. 1740ರಲ್ಲಿ ಶಾರ್ದಾಂ ಹದಿನೈದನೇ ಲೂಯಿಗೇ ಎರಡು ಚಿತ್ರ ಕೊಟ್ಟಿದ್ದಾನೆ. ಮಕ್ಕಳಿಗೆ ಊಟದ ಮುಂಚಿನ ಪ್ರಾರ್ಥನೆ ಹೇಳಿಕೊಡುವ ತಾಯಿಯ ಚಿತ್ರ ಅವುಗಳಲ್ಲೊಂದು. ಸಾಮಾನ್ಯರಿಗೆ ದಕ್ಕಿದ್ದು ತಾಮ್ರದ ಹಲಗೆಯಲ್ಲಿ ಕೊರೆದು ಒತ್ತಿದ ಅಚ್ಚು. 1737ರಿಂದ ಲೂವ್ರ್‌ನಲ್ಲಿ ಸಲೋನ್ ಎಂಬ ಚಿತ್ರಪ್ರದರ್ಶನ ಮತ್ತೆ ನಡೆಯತೊಡಗಿತು. ಯಾರು ಬೇಕಾದರೂ ಒಳಗೆ ಬರಬಹುದಿತ್ತು. ನೋಡಿ ಹೋದವರು ಅಚ್ಚು ಕೊಂಡರು. ಮಧ್ಯಮ ವರ್ಗದ ಯಾವ ಹೆಂಗಸು ನೋಡಿದರೂ ಇದು ನನ್ನದೇ ಮನೆ, ನನ್ನದೇ ಮಕ್ಕಳು, ನನ್ನದೇ ಸಾಮಾನು ಅಂದುಕೊಳ್ಳುತ್ತಾಳೆ ಎಂದು 1741ರಲ್ಲೇ ಒಬ್ಬ ವಿಮರ್ಶಕ ಬರೆದಿದ್ದಾನೆ.

ಮದುವೆಯ ವಿಷಯ ಬೇಕಾದರೆ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಗ್ರೂಜ್‌ನನ್ನು ನೋಡಿ. 1761ರ ಸಲೋನ್‌ನಲ್ಲಿ ಅವನ 'ಹಳ್ಳಿಯ ಮದುಮಗಳು' ಬಂತು, ಈಗ ಲೂವ್ರ್‌ನಲ್ಲಿದೆ. ಪ್ರದರ್ಶನ ಮುಗಿಯಲು ಕೆಲವೇ ದಿನ ಇರುವಾಗ ಬಂದರೂ ಜನ ಮುಗಿಬಿದ್ದರು. ಮನೆಯ ಹಿರಿಯನು ಅಳಿಯನ ಕೈಗೆ ಹಣದ ಚೀಲ ಕೊಟ್ಟಿದ್ದಾನೆ, ಅಂದರೆ ವರದಕ್ಷಿಣೆ. ಪತ್ರ ಬರೆಯುವವನು ಒಂದು ಪಕ್ಕ. ತಾಯಿ ಮಗಳ ತೋಳು ಬಿಡುತ್ತಿಲ್ಲ. ತಂಗಿ ಅವಳ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದಾಳೆ. ನೆಲದ ಮೇಲೆ ಒಂದು ಕೋಳಿ, ಅದರ ಮರಿಗಳು. ಸಲೋನ್ ಚಿತ್ರಗಳ ಬಗ್ಗೆ ಬರೆಯುತ್ತಿದ್ದ ಲೇಖಕ ದಿದೆರೊ ಆ ಕೋಳಿಯನ್ನೂ ಬಿಡಲಿಲ್ಲ, ಅದೂ ಮನೆಯ ತಾಯಿಯ ಹಾಗೇ ಎಂದ. ಅದೇ ವರ್ಷ ಪ್ಯಾರಿಸ್‌ನ ಇಟಾಲಿಯನ್ ನಾಟಕಶಾಲೆಯವರು ತಮ್ಮ ನಾಟಕದ ನಡುವೆ ನಟರನ್ನೆಲ್ಲ ಹಾಗೇ ನಿಲ್ಲಿಸಿ ಇಡೀ ಚಿತ್ರವನ್ನೇ ರಂಗದ ಮೇಲೆ ಕಟ್ಟಿ ತೋರಿಸಿದರು. ಗ್ರೂಜ್‌ನ ಮನೆ ಎಂದರೆ ರಂಗಮಂಚ. ಎಲ್ಲರೂ ನಮಗೆ ಕಾಣುವ ಹಾಗೆ ಅಳುತ್ತಾರೆ. ಶಾರ್ದಾಂ ಮನೆಯಲ್ಲಿ ನಮ್ಮನ್ನು ಯಾರೂ ಕರೆದಿಲ್ಲ, ನಾವೇ ಇಣುಕಬೇಕು. ನೀವು ಕೇಳಿದ ನೋಟಕ್ಕೆ ಇದೂ ಒಂದು ಕಾರಣ ಇರಬಹುದು.

ಟರ್ನಿಪ್ ಗಡ್ಡೆ ಹೆರೆಯುವ ಅಡುಗೆಯವಳು, 1738ರವಳು, ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದ್ದಾಳೆ. ಇವಳೂ ಹಾಗೆಯೇ. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಅರ್ಧ ಹೆರೆದ ಗಡ್ಡೆ, ಕಣ್ಣು ಮಾತ್ರ ಎಲ್ಲೋ. ಅದರ ಅಚ್ಚಿನ ಕೆಳಗಿನ ಪದ್ಯ ಅವಳ ಬಗ್ಗೆ ಮಾತೇ ಆಡುವುದಿಲ್ಲ. ನಮ್ಮ ಹಿರಿಯರು ಇಂಥ ತರಕಾರಿ ತಿಂದು ಸುಖವಾಗಿದ್ದರು, ಊಟವನ್ನು ವಿಷ ಮಾಡುವ ವಿದ್ಯೆ ಆಗಿನ್ನೂ ಹುಟ್ಟಿರಲಿಲ್ಲ ಎನ್ನುತ್ತದೆ.

ಸೀಮೆಸುಣ್ಣ

ತಂಗಿ, ನಿನ್ನ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಬೆಳಿಗ್ಗೆ ಎದ್ದು ಇದನ್ನು ಬರೀತಿದ್ದೀನಿ. ಮೈಸೂರಲ್ಲಿ ಇಪ್ಪತ್ತೇಳು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದೆ. ಅಂಚೆಪೆಟ್ಟಿಗೆಯವರು ಪದ್ಯದ ಮಾತೆತ್ತಿದ್ದರಿಂದ ನಾನು ಬರೆಯಲೇಬೇಕು. ಇನ್ನೊಂದು ಪದ್ಯ ಇದೆ, ಅದು ನನಗೆ ಬಾಯಿಪಾಠ.

ಚಿತ್ರ, ಮಾರುಕಟ್ಟೆಯಿಂದ ವಾಪಸ್ ಬಂದವಳದು. ಮೂರು ಪ್ರತಿ ಇವೆ: ಬರ್ಲಿನ್‌ನಲ್ಲಿ ಒಂದು, ಕೆನಡಾದ ಆಟವಾದಲ್ಲಿ ಒಂದು, ಎರಡೂ 1738ರವು. ಲೂವ್ರ್‌ನಲ್ಲಿರೋದು 1739ರದ್ದು. ಕೆಲಸದ ಹೆಂಗಸು ಈಗಷ್ಟೇ ಒಳಗೆ ಬಂದಿದ್ದಾಳೆ. ದೊಡ್ಡ ದೊಡ್ಡ ಎರಡು ಬ್ರೆಡ್ಡನ್ನು ಬೀರುವಿನ ಕಟ್ಟೆ ಮೇಲೆ ಇಳಿಸಿದ್ದಾಳೆ, ತೋಳಿನ ಭಾರವನ್ನೂ ಅದರ ಮೇಲೆ ಬಿಟ್ಟಿದ್ದಾಳೆ. ಮಾಂಸ ಕಟ್ಟಿದ ಬಟ್ಟೆಯ ಗಂಟು ಇನ್ನೊಂದು ಕೈಯಲ್ಲಿ ಜೋತಾಡ್ತಿದೆ, ಅದನ್ನಿನ್ನೂ ಇಳಿಸಿಲ್ಲ. ನೆಲದ ಮೇಲೆ ಬಾಟಲಿಗಳು. ಉಸಿರು ಬಿಡ್ತಿದ್ದಾಳೆ. ಮಾರ್ಕೆಟ್ಟಿಂದ ನಡೆದು ಬಂದವರಿಗೆ ಆ ಒಂದು ಗಳಿಗೆ ಗೊತ್ತು. ಬೆರಳು ಹಗ್ಗ ಕೊಯ್ದ ಹಾಗೆ ಕೆಂಪಗಾಗಿರತ್ತೆ, ಯಾರಾದರೂ ಏನಾದರೂ ಕೇಳಿದರೆ ಉತ್ತರ ಬಾಯಿಗೆ ಬರಲ್ಲ.

1742ರಲ್ಲಿ ಲೆಪಿಸಿಯೆ ಅನ್ನೋನು ಇದರ ಅಚ್ಚು ಮಾಡಿದ. ಕೆಳಗೆ ನಾಲ್ಕು ಸಾಲು. ಕನ್ನಡದಲ್ಲಿ ಹೇಳೋದಾದರೆ: ನಿನ್ನ ಠೀವಿ ನೋಡಿದರೆ, ಮಗಳೇ, ಲೆಕ್ಕ ಹಾಕದೇನೇ ಹೇಳಬಲ್ಲೆ, ನಿನ್ನ ಬಟ್ಟೆಬರೆಗೆ ಬೇಕಾದಷ್ಟನ್ನ ಸಾಮಾನಿನ ದುಡ್ಡಲ್ಲೇ ಹೊಡೀತೀಯ.

ನಮ್ಮಮ್ಮ ಒಂದು ದೊಡ್ಡ ಮನೆಯಲ್ಲಿ ಅಡುಗೆ ಕೆಲಸ ಮಾಡ್ತಿದ್ದಳು. ದೇವರಾಜ ಮಾರ್ಕೆಟ್ಟಿಂದ ತರಕಾರಿ ತರೋದೂ ಅವಳದೇ. ಅಕ್ಷರ ಬರ್ತಿರಲಿಲ್ಲ, ಲೆಕ್ಕ ಬೆರಳ ಗೆಣ್ಣಲ್ಲಿ. ಬದನೆ ಇಷ್ಟು, ಹುರುಳಿಕಾಯಿ ಇಷ್ಟು, ಕೊತ್ತಂಬರಿ ಇಷ್ಟು, ಉಳಿದದ್ದು ಇಗೋ ಅಂತ ಸೆರಗಿನ ಗಂಟು ಬಿಚ್ಚಿ ಕೊಡ್ತಿದ್ದಳು. ರಜೆಯಲ್ಲಿ ನಾನೂ ಜೊತೆಗೆ ಹೋಗ್ತಿದ್ದೆ, ಚೀಲದ ಒಂದು ಹಿಡಿ ನನ್ನ ಕೈಗೆ. ಒಂದು ಸಲ ಗೌರಿ ಹಬ್ಬ ಕಳೆದ ಮೇಲೆ ಹೊಸ ಸೀರೆ ಉಟ್ಟು ಕೆಲಸಕ್ಕೆ ಬಂದಳು. ಹಸಿರು ನೂಲಿನ ಸೀರೆ, ಸಣ್ಣ ಕೆಂಪು ಅಂಚು. ತಲೆ ಮೇಲೆ ಗಂಟು ಹೊತ್ತು ಬೀದಿಗೆ ಬರ್ತಿದ್ದ ಸೀರೆಯವನ ಹತ್ತಿರ ಕಂತಲ್ಲಿ ತಗೊಂಡಿದ್ದು. ಇನ್ನೂ ಮೂರು ಕಂತು ಬಾಕಿ ಇತ್ತು. ಆ ಮನೆಯ ಯಜಮಾನಿ ನೆಂಟರೆಲ್ಲ ಕೂತಿದ್ದಾಗ ನಗ್ತಾ ಅಂದರು: "ಏನೇ, ನಮ್ಮನೆ ಚಿಲ್ಲರೆಯಲ್ಲೇ ಬಂತಾ ಸೀರೆ?" ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಮನೆಗೆ ಬಂದು ಸೀರೆ ಮಡಿಚಿ ಟ್ರಂಕಿನ ತಳಕ್ಕೆ ಹಾಕಿದಳು. ಆ ಮನೆಗೆ ಮತ್ತೆ ಅದನ್ನು ಉಟ್ಟು ಹೋಗಲೇ ಇಲ್ಲ, ಕಂತು ಮಾತ್ರ ಕಟ್ಟಿ ಮುಗಿಸಿದಳು.

ಆಗ ನನಗೆ ಹನ್ನೊಂದು ವರ್ಷ. ಆ ಪದ್ಯ ಓದಿದ್ದು ನಲವತ್ತು ದಾಟಿದ ಮೇಲೆ. ಓದಿದ ತಕ್ಷಣ ಮೈ ಬಿಸಿಯಾಯಿತು. ಅದೇ ಮಾತು, ಅದೇ ನಗು, ಬಟ್ಟೆಯ ವಿಷಯವೇ.

ಇದು ಬರೀ ತಮಾಷೆಯಾಗಿತ್ತಾ ಅಂತ ಆಮೇಲೆ ಓದ್ತಾ ಹೋದೆ. ಮಾರುಕಟ್ಟೆಯ ದುಡ್ಡಲ್ಲಿ ಕೆಲಸದವರು ಒಂದಿಷ್ಟು ಇಟ್ಟುಕೊಳ್ಳೋದಕ್ಕೆ ಫ್ರೆಂಚರಲ್ಲಿ ಒಂದು ನುಡಿಗಟ್ಟೇ ಇದೆ, ಬುಟ್ಟಿಯ ಹಿಡಿ ಕುಣಿಸೋದು ಅಂತಾರೆ. ಮನೆಗೆಲಸದವರ ಕಳ್ಳತನ ಅಲ್ಲಿ ಸಣ್ಣ ಮಾತಾಗಿರಲಿಲ್ಲ. 1724ರ ರಾಜಾಜ್ಞೆ ಪ್ರಕಾರ ಯಜಮಾನನ ಮನೆಯಲ್ಲಿ ಕದ್ದ ಆಳಿಗೆ ಮರಣದಂಡನೆ. ಶಾರ್ದಾಂ ಈ ಹೆಂಗಸನ್ನು ಬರೆಯುವಾಗ ಆ ಕಾನೂನು ಬಂದು ಹದಿನೈದು ವರ್ಷವೂ ಆಗಿರಲಿಲ್ಲ. ಅಂಥ ಊರಲ್ಲಿ ಯಾರೋ ಕೂತು ಚಿತ್ರದ ಕೆಳಗೆ ಈ ನಾಲ್ಕು ಸಾಲು ಹಾಕಿದರು, ಜನ ಕೊಂಡು ಗೋಡೆಗೆ ತಗುಲಿಸಿಕೊಂಡರು.

ಈಗ ಆ ಸಾಲುಗಳನ್ನು ಕೈಯಿಂದ ಮುಚ್ಚಿ ಚಿತ್ರ ಒಂದನ್ನೇ ನೋಡು ತಂಗಿ. ಅವಳು ಕಳ್ಳಿ ಅನ್ನೋದಕ್ಕೆ ಒಂದೇ ಒಂದು ಗುರುತು ತೋರಿಸು. ನಾನು ಲೂವ್ರ್‌ನಲ್ಲಿ ಅದರ ಮುಂದೆ ನಿಂತಾಗ ಅದನ್ನೇ ಹುಡುಕಿದೆ. ಅಕ್ಕನ ಮಗ ಅಲ್ಲಿ ಓದ್ತಿದ್ದ, ಅವನ ಜೊತೆ ಹೋಗಿದ್ದೆ. ಚಿತ್ರ ಇಷ್ಟೇ ಇಷ್ಟು, 47 ಸೆಂಟಿಮೀಟರ್ ಎತ್ತರ, 38 ಅಗಲ. ನಮ್ಮನೆ ದೇವರ ಫೋಟೋಕ್ಕಿಂತ ದೊಡ್ಡದಲ್ಲ. ಅದರೊಳಗೆ ಒಬ್ಬ ದಣಿದ ಹೆಂಗಸನ್ನು ಬಿಟ್ಟರೆ ಆರೋಪಕ್ಕೆ ಸಿಗೋದು ಏನೂ ಇಲ್ಲ. ಹೋಗಾರ್ತ್ ಆಗಿದ್ದರೆ ಬೀರುವಿನ ಮೇಲೆ ಒಂದು ಚೀಟಿ, ಜೇಬಿಂದ ಇಣುಕೋ ರಿಬ್ಬನ್ನು, ಏನಾದರೊಂದು ಇಟ್ಟಿರ್ತಿದ್ದ. ಅದು ಅವನ ವಿದ್ಯೆ, ಅದರಲ್ಲಿ ಅವನನ್ನು ಮೀರಿಸೋರಿಲ್ಲ. ಶಾರ್ದಾಂ ಅವಳ ಮೇಲೆ ಏನನ್ನೂ ಹೊರಿಸಿಲ್ಲ.

ನೀನು ಗಂಡಸರು ಎಲ್ಲಿ ಅಂತ ಕೇಳಿದೆ. ಇದೇ ಚಿತ್ರದಲ್ಲಿ ಒಬ್ಬನಿದ್ದಾನೆ! ಅವಳ ಹಿಂದೆ ಎಡಗಡೆ ಬಾಗಿಲು ತೆರೆದಿದೆ. ಆಚೆ ಕೋಣೆಯಲ್ಲಿ ನೀರು ತುಂಬಿಡೋ ತಾಮ್ರದ ದೊಡ್ಡ ಹಂಡೆ, ನಲ್ಲಿ ಇರೋದು. ಅದರಾಚೆ ಬೀದಿ ಬಾಗಿಲ ಹತ್ತಿರ ಇನ್ನೊಬ್ಬ ಹುಡುಗಿ ನಿಂತಿದ್ದಾಳೆ, ಹೊರಗಿಂದ ಬಂದ ಒಬ್ಬನ ಜೊತೆ ಮಾತಾಡ್ತಿದ್ದಾಳೆ. ಅವನು ಪೂರ್ತಿ ಕಾಣಲ್ಲ, ಬಾಗಿಲ ಸಂದಿಯಲ್ಲಿ ಒಂಚೂರು. ಸಾಮಾನು ಕೊಡೋಕೆ ಬಂದವನೋ, ಅವಳನ್ನು ನೋಡೋಕೇ ಬಂದವನೋ. ನನಗೆ ಎರಡನೆಯದೇ ಅನ್ನಿಸತ್ತೆ. ಆ ಹುಡುಗಿ ನಿಂತಿರೋ ಭಂಗಿಯಲ್ಲಿ ಅವಸರವೇ ಇಲ್ಲ. ಫ್ರಾಗೊನಾರ್ ಆಗಿದ್ದರೆ ಆ ಬಾಗಿಲೇ ಇಡೀ ಚಿತ್ರವಾಗ್ತಿತ್ತು. ಇಲ್ಲಿ ಅದು ಎರಡು ಬೆರಳಗಲ. ಮುಂದಿನವಳಿಗೆ ಅದು ಕೇಳಿಸ್ತಿದೆಯೋ ಇಲ್ಲವೋ, ತಿರುಗಿಲ್ಲ. ನನ್ನ ಪ್ರಕಾರ ಕೇಳಿಸ್ತಿದೆ. ಅವಳ ತಲೆ ಸ್ವಲ್ಪ ವಾಲಿದೆ, ಕಣ್ಣು ಎಲ್ಲೂ ನೆಟ್ಟಿಲ್ಲ. ಮನೆಯಲ್ಲಿ ಇನ್ನೊಬ್ಬರ ಮಾತು ಕಿವಿಗೆ ಬೀಳ್ತಿರುವಾಗ ನಮ್ಮ ಕಣ್ಣು ಹೀಗೇ ತಾನೇ ಇರೋದು?

ಆ ನೋಟವನ್ನು ಅವನು ಹೇಗೆ ಕಂಡ ಅಂದೆಯಲ್ಲ, ಅದಕ್ಕೆ ನನ್ನ ಕೆಲಸದ ಕಡೆಯಿಂದ ಒಂದು ಮಾತು. ಶಾರ್ದಾಂ ಬಹಳ ನಿಧಾನ. ಅವನ ಹೆಸರಾಗಿದ್ದೇ ಪಾತ್ರೆ, ಹಣ್ಣು, ಮೀನು ಬರೆದು. 1728ರಲ್ಲಿ ರಾಜನ ಕಲಾ ಅಕಾಡೆಮಿಗೆ ಸೇರಿಸಿಕೊಂಡಿದ್ದು ಪ್ರಾಣಿ ಮತ್ತು ಹಣ್ಣು ಬರೆಯುವವನು ಅಂತ. ಕೊಯ್ದು ನೇತುಹಾಕಿದ ಒಂದು ತೊರಕೆ ಅನ್ನೋ ಚಪ್ಪಟೆ ಮೀನಿನ ಚಿತ್ರ ಕೊಟ್ಟು ಸೇರಿದ. ಹಂಡೆಯ ತಾಮ್ರ ಬೆಳಕನ್ನು ಎಲ್ಲಿ ಹಿಡಿಯತ್ತೆ, ಎಲ್ಲಿ ಬಿಡತ್ತೆ ಅಂತ ದಿನಗಟ್ಟಲೆ ನೋಡಿದ ಕಣ್ಣು ಅದು. ಆಮೇಲೆ ಅದೇ ಕಣ್ಣನ್ನು ಹಂಡೆಯ ಪಕ್ಕ ನಿಂತವಳ ಮೇಲೆ ಇಟ್ಟ. ಅವಳ ಟೋಪಿ, ಏಪ್ರನ್ನು ನೋಡು. ಬಿಳಿ ಅಂತೀವಿ, ಬಿಳಿ ಎಲ್ಲೂ ಇಲ್ಲ. ಬೂದಿ, ನೀಲಿ, ಒಂಚೂರು ಮಣ್ಣು ಬಣ್ಣ, ಒಂದರ ಮೇಲೊಂದು, ರವೆ ಉದುರಿಸಿದ ಹಾಗೆ ತರಿತರಿಯಾಗಿ. ಹತ್ತಿರ ಹೋದರೆ ಎಲ್ಲ ಕಲಸಿಹೋಗತ್ತೆ, ದೂರ ಸರಿದರೆ ಮತ್ತೆ ಕೂಡಿಕೊಳ್ಳತ್ತೆ ಅಂತ ದಿದೆರೊ 1763ರಲ್ಲಿ ಅವನ ಚಿತ್ರಗಳ ಬಗ್ಗೆ ಬರೆದಿದ್ದಾನೆ. ನಾನು ಲೂವ್ರ್‌ನಲ್ಲಿ ಹಾಗೇ ಮಾಡಿದೆ. ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಕಾವಲಿನವರು ನನ್ನನ್ನೇ ನೋಡೋಕೆ ಶುರುಮಾಡಿದರು.

ಮಕ್ಕಳಿಗೆ ಪಾಠ ಮಾಡುವಾಗ ಹೇಳ್ತಿದ್ದೆ: ಮುಖ ಬರೀಬೇಡಿ, ಮೊದಲು ಮೊಣಕೈ ಬರೀರಿ. ಅದನ್ನು ನಾನು ಕಲಿತಿದ್ದು ಇವಳ ಬ್ರೆಡ್ಡಿನ ಮೇಲಿನ ತೋಳಿಂದ.

ಹಳೇಪುಟ

ಸೀಮೆಸುಣ್ಣ ಅವರೇ, ನಿಮ್ಮ ತಾಯಿಯವರ ವಿಷಯ ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಪ್ರಶ್ನೆ ಕೇಳಿದ ತಾಯಿ ಗ್ಲಾಸ್ಗೋದ ಟೀ ಚಿತ್ರವನ್ನು ನಾಲ್ಕು ವಾರ ನೋಡಿದ್ದಾರೆ, ಅವರಿಗಾಗಿ ಇಷ್ಟು. ಪ್ರೇಮ ಎಲ್ಲಿ ಎಂದು ಕೇಳಿದಿರಿ. ಶಾರ್ದಾಂಗೆ ಮಾರ್ಗರಿತ್ ಸಾಂತಾರ್ ಎಂಬ ಹುಡುಗಿಯ ಜೊತೆ ಮದುವೆಯ ಕರಾರು ಆದದ್ದು 1723ರಲ್ಲಿ. ಅವನಿಗಾಗ ಇಪ್ಪತ್ಮೂರು. ಮದುವೆ ನಡೆದದ್ದು 1731ರ ಫೆಬ್ರವರಿಯಲ್ಲಿ. ನಡುವೆ ಎಂಟು ವರ್ಷ. ಅಷ್ಟರಲ್ಲಿ ಹುಡುಗಿಯ ಮನೆಯ ಅನುಕೂಲ ಕರಗಿತ್ತು, ತರಬೇಕಾಗಿದ್ದ ಹಣ ಇರಲಿಲ್ಲ. ಶಾರ್ದಾಂ ಕೊಟ್ಟ ಮಾತು ಬಿಡಲಿಲ್ಲ. ಹೋಗಾರ್ತ್‌ನ ಮೇಜಿನ ಮೇಲಿನ ದುಡ್ಡನ್ನೂ ಗ್ರೂಜ್‌ನ ಹಿರಿಯನ ಕೈಯ ಚೀಲವನ್ನೂ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮದುವೆಯ ವರ್ಷವೇ ಮಗ ಹುಟ್ಟಿದ, ಆಮೇಲೊಬ್ಬ ಮಗಳು. ಟೀ ಕುಡಿಯುತ್ತಿರುವಾಕೆ ಆ ಮಾರ್ಗರಿತ್ ಎಂದೇ ಕಲಾ ಇತಿಹಾಸಕಾರರು ಹೆಚ್ಚಾಗಿ ನಂಬುತ್ತಾರೆ. ಚಿತ್ರದ ಮೇಲಿರುವ ಕಾಲ 1735ರ ಫೆಬ್ರವರಿ. ಆಕೆ ತೀರಿಕೊಂಡದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ದಾಂಪತ್ಯ ನಾಲ್ಕು ವರ್ಷ ಎರಡು ತಿಂಗಳು. ಆ ಮೇಜಿನ ಈಚೆ ಬದಿಯಲ್ಲಿ ಯಾರು ನಿಂತಿದ್ದರು ಎಂಬುದು ನಿಮಗೀಗ ಗೊತ್ತು.

ಅವನು ಮತ್ತೆ ಮದುವೆಯಾದದ್ದು 1744ರಲ್ಲಿ. ನಾವೆಲ್ಲ ಮಾತಾಡುತ್ತಿರುವ ಚಿತ್ರಗಳು, ಗಡ್ಡೆ ಹೆರೆಯುವವಳು, ಪಾತ್ರೆ ತಿಕ್ಕುವವಳು, ಮಾರುಕಟ್ಟೆಯಿಂದ ಬಂದವಳು, ಪ್ರಾರ್ಥನೆ ಹೇಳಿಕೊಡುವ ತಾಯಿ, ಎಲ್ಲವೂ ಆ ನಡುವಿನ ಒಂಬತ್ತು ವರ್ಷಗಳವು. ಹೆಂಡತಿಯಿಲ್ಲದ ಮನೆಯಲ್ಲಿ ಕೂತು ಬರೆದ ಮನೆಗಳು. ಇದರಿಂದ ಅದಾಯಿತು ಎಂದು ನಾನು ಹೇಳುವುದಿಲ್ಲ, ವರ್ಷಗಳನ್ನು ಪಕ್ಕಪಕ್ಕ ಇಟ್ಟಿದ್ದೇನೆ ಅಷ್ಟೆ.

ಲಂಡನ್ನಿನಲ್ಲಿ ಹೋಗಾರ್ತ್ ನೋಡಿದ ನ್ಯಾಷನಲ್ ಗ್ಯಾಲರಿಯಲ್ಲೇ ಶಾರ್ದಾಂ ಚಿತ್ರ ಎರಡಿವೆ, ಬಹುಶಃ ಕಣ್ತಪ್ಪಿದೆ. ಒಂದರಲ್ಲಿ ಹುಡುಗನೊಬ್ಬ ಇಸ್ಪೀಟೆಲೆಯಿಂದ ಮನೆ ಕಟ್ಟುತ್ತಿದ್ದಾನೆ. ಇನ್ನೊಂದರಲ್ಲಿ ದೊಡ್ಡ ಹುಡುಗಿ ಪುಟ್ಟ ಮಗುವಿಗೆ ಅಕ್ಷರ ತೋರಿಸಿಕೊಡುತ್ತಿದ್ದಾಳೆ, ಬೆರಳಿನ ಬದಲು ಕಡ್ಡಿಯ ತುದಿಯಿಂದ. ಮುಂದಿನ ಸಲ ಮಗಳನ್ನು ಕರೆದುಕೊಂಡು ಹೋಗಿ ಎರಡನೆಯದನ್ನು ತೋರಿಸಿ.

ತುಂಗಾತೀರ

ಎಲ್ಲರಿಗೂ ಏನು ಹೇಳಬೇಕೋ ತಿಳೀತಿಲ್ಲ. ಇಷ್ಟು ಬರೀತೀರಿ ಅಂದುಕೊಂಡಿರಲಿಲ್ಲ.

ಇವತ್ತು ಶನಿವಾರ, ಈಗ ಗ್ಯಾಲರಿಯಿಂದಲೇ ಬಂದೆ. ಮೊದಲು ಟೀ ಕುಡಿಯೋಳ ಹತ್ತಿರ ಹೋದೆ. ಹಳೇಪುಟ ಅವರೇ, ಇಷ್ಟು ದಿನ ಹಬೆ ನೋಡ್ತಿದ್ದೆ, ಇವತ್ತು ಡ್ರಾಯರ್ ನೋಡಿದೆ. ಏನೋ ತೆಗೀಬೇಕು ಅಂತ ಎಳೆದು ಮರೆತ ಡ್ರಾಯರ್ ಅದು. ಅದರ ಸಂದಿಯಲ್ಲಿ ಕಪ್ಪಗೆ ನೆರಳಿದೆ. ಅವಳು ಅದನ್ನು ಮುಚ್ಚಿಲ್ಲ. ನಿಂತು ಬರೀತಿದ್ದವನೂ ಮುಚ್ಚು ಅನ್ನಲಿಲ್ಲ. ಏಪ್ರಿಲ್ ಅಂದಿರಲ್ಲ, ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲೋಕೆ ಆಗಲಿಲ್ಲ.

ಆಮೇಲೆ ನನ್ನ ಪಾತ್ರೆ ತಿಕ್ಕೋಳು. ಸೀಮೆಸುಣ್ಣ ಅಕ್ಕಾ, ನೀವು ಹೇಳಿದ ಹಾಗೆ ಮುಖ ಬಿಟ್ಟು ಮೊಣಕೈ ನೋಡಿದೆ. ತೋಳು ಮೇಲಕ್ಕೆ ಮಡಿಚಿದೆ. ಬಾಣಲೆಯೊಳಗೆ ಹೋಗಿರೋ ಕೈಯಲ್ಲಿ ಬಿಗಿ ಇಲ್ಲ, ತಿಕ್ಕೋದು ನಿಂತಿದೆ. ಅಂದರೆ ಯಾರೋ ಕರೆದಿದ್ದಾರೆ, ಇಲ್ಲಾ ಯಾವುದೋ ಮಾತು ಕಿವಿಗೆ ಬಿದ್ದಿದೆ. ಹೆಜ್ಜೆ ಹಿಂದೆ ಮುಂದೆ ಮಾಡಿದ್ದು ನೋಡಿ ಇಲ್ಲಿನ ಕಾವಲಿನವರು ಹತ್ತಿರ ಬಂದರು. ಈಗ ಮುಖಪರಿಚಯ ಇದೆ. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡೋದು ಅಂತ ಹೇಳಿದೆ. ಅವರು ಚಿತ್ರದ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ, ತಮ್ಮಜ್ಜಿ ಕೂಡ ಒಂದು ದೊಡ್ಡ ಮನೆಯಲ್ಲಿ ಪಾತ್ರೆ ತೊಳೀತಿದ್ದರು ಅಂದರು. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ವಿ.

ಅಕ್ಕಾ, ಒಂದು ಕೇಳಲಾ? ಆ ಹಸಿರು ಸೀರೆ ಈಗ ಎಲ್ಲಿದೆ?

ಸೀಮೆಸುಣ್ಣ

ನನ್ನ ಹತ್ತಿರ ಇದೆ ತಂಗಿ. ಮೇಷ್ಟ್ರ ಕೆಲಸಕ್ಕೆ ಮೊದಲ ದಿನ ಹೋದಾಗ ಅದನ್ನೇ ಉಟ್ಟಿದ್ದೆ, ಅಮ್ಮನೇ ಟ್ರಂಕಿಂದ ತೆಗೆದು ಕೊಟ್ಟಿದ್ದಳು. ಅಂಚು ಒಂದು ಕಡೆ ಬಿಟ್ಟಿದೆ, ಕೈಯಲ್ಲೇ ಹೊಲಿದಿದ್ದೀನಿ. ಬಣ್ಣ ಇನ್ನೂ ಚೆನ್ನಾಗಿದೆ.